ಮೂವತ್ತೊಂದು ಕಾರಿನ ನೆರಳು

ಜನವರಿಯ ಕೊನೆಯ ವಾರ. ಭೂಮಿಯ ದಕ್ಷಿಣಾರ್ಧದ ಈ ಊರಿನಲ್ಲಿ ಆಗ ಬೆಳಿಗ್ಗೆ ಆರಕ್ಕೇ ಗೋಡೆ ಬೆಚ್ಚಗಾಗುವಷ್ಟು ಬೇಸಗೆ. ವಿಲ್ಮಾರ್ ಹಿತ್ತಲಿನಲ್ಲಿ ಬಗ್ಗಿ ನಿಂತು, ಒಂಬತ್ತು ಟೊಮೆಟೊ ಗಿಡಗಳ ಬುಡಕ್ಕೆ ಒಂದೊಂದಾಗಿ ನೀರು ಹನಿಸುತ್ತಿದ್ದ. ಕಾಯಿಯ ಭಾರಕ್ಕೆ ವಾಲಿದ ಟೊಂಗೆಗಳನ್ನು ಹೆಂಡತಿ ನೆಲ್ಲಿಯ ಹಳೆಯ ಕಾಲುಚೀಲ ಸೀಳಿ ಊರೆಗೋಲಿಗೆ ಕಟ್ಟಿದ್ದ. ತಾಕುವಾರೆಂಬೊ ಕಡೆಯ ಹಳ್ಳಿಯಲ್ಲಿ ಹುಟ್ಟಿ, ನಲವತ್ತು ವರ್ಷ ಮೊಂಟೆವಿಡಿಯೊದ ಬಸ್ಸುಗಳಲ್ಲಿ ಟಿಕೆಟ್ ಹರಿದವನಿಗೆ ಹೊಲವೆಂದು ಉಳಿದಿದ್ದು ಇಷ್ಟೇ, ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ.

ಗೋಡೆಯ ಆಚೆ, ಬಡಗಣ ದಿಕ್ಕಿಗೆ, ‘ಲಾ ಎಸ್ಪೀಗಾ’ ಸೂಪರ್‌ಮಾರ್ಕೆಟ್ಟಿನ ಕಾರು ನಿಲ್ಲಿಸುವ ಬಯಲು. ಅಲ್ಲಿ ಕಾರು ನಿಂತದ್ದನ್ನು ಕಂಡವರು ಕಡಿಮೆ. ಗೋಯೆಸ್ ಬಡಾವಣೆಯ ಜನಕ್ಕೆ ರೊಟ್ಟಿ, ಮಾಂಸ, ಔಷಧಿ, ಕೊನೆಗೆ ಶವಪೆಟ್ಟಿಗೆ ಕೂಡ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತಿತ್ತು. ಬಯಲು ಪಾರಿವಾಳಗಳ ಪಾಲಾಗಿತ್ತು. ಅದರ ಮೇಲಿಂದ ಹಾಯ್ದು ಬರುವ ಬಿಸಿಲು ಮಾತ್ರ ಅಡೆತಡೆಯಿಲ್ಲದೆ ದಿನವಿಡೀ ವಿಲ್ಮಾರನ ಗಿಡಗಳ ಮೇಲೆ ಬೀಳುತ್ತಿತ್ತು.

"ಹಣ್ಣು ಅಂದ್ರೆ ಇದು," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. "ಅಂಗಡೀದು ನೀರಲ್ಲಿ ನೆನೆಸಿದ ಹತ್ತಿ."

ಆ ಅಂಗಡಿಯನ್ನು ಕೆಡವಿ ಹೊಸದಾಗಿ ಕಟ್ಟುತ್ತಾರೆಂಬ ಸುದ್ದಿ ಮೂರು ತಿಂಗಳಿಂದ ಇತ್ತು. ಅಂಗಡಿಯ ಬಾಗಿಲಿಗೆ ನಗರಸಭೆಯ ನೋಟೀಸನ್ನೂ ಅಂಟಿಸಿದ್ದರು. ಮರುದಿನವೇ ಅದರ ಅರ್ಧದ ಮೇಲೆ ಅಗ್ಗದ ದ್ರಾಕ್ಷಾರಸದ ಜಾಹೀರಾತು ಬಂತು, ಉಳಿದರ್ಧದ ಮೇಲೆ ಕಳೆದುಹೋದ ಬೆಕ್ಕಿನ ಚಿತ್ರ. ಅದನ್ನು ಸರಿಸಿ ಓದಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಗೋಯೆಸ್‌ನಲ್ಲಿ ಸುದ್ದಿ ತಿಳಿಯಬೇಕಾದದ್ದು ಬಾಗಿಲಲ್ಲಲ್ಲ, ಒಳಗೆ ಚೀಸ್ ಮಾರುವ ಕಟ್ಟೆಯಲ್ಲಿ. ನಂಬರಿನ ಚೀಟಿ ಹಿಡಿದು ಅರ್ಧ ಗಂಟೆ ನಿಂತರೆ ಲೋಕದ ವಿಷಯವೆಲ್ಲ ಕಿವಿಗೆ ಬೀಳುತ್ತಿತ್ತು.

ಆ ಗುರುವಾರ ವಿಲ್ಮಾರನ ಕೈಯಲ್ಲಿ ಅರವತ್ತೊಂದನೆಯ ಚೀಟಿ.

"ದೋನ್ ವಿಲ್ಮಾರ್, ನಿಮ್ಮ ಟೊಮೆಟೊ ಈ ವರ್ಷ ತಿಂದು ಮುಗಿಸಿಬಿಡಿ," ಎಂದಳು ಚೀಸ್ ಕೊಯ್ಯುವ ಗ್ಲಾಡಿಸ್, ಹಿರಿಯರಿಗೆ ಸಲ್ಲುವ ‘ದೋನ್’ ಸೇರಿಸಿ. "ಇವತ್ತು ಐದು ಗಂಟೆಗೆ ನಗರಸಭೆಯಿಂದ ಯಾರೋ ಬಂದು ಕಾರು ಎಣಿಸ್ತಾರಂತೆ. ಖಾಲಿ ಇದ್ರೆ ಅಂಗಡಿ ಕಂಪನಿಯವರು ಆ ಬಯಲಲ್ಲೇ ಕಟ್ಟೋಕೆ ಶುರು ಮಾಡ್ತಾರೆ."

"ತುಂಬಿದ್ರೆ?"

"ಮೂವತ್ತು ದಾಟಿದ್ರೆ ಕಾರಿನ ಜಾಗ ತೆಗೆಯೋ ಹಾಗಿಲ್ಲವಂತೆ. ಕಾನೂನು. ಎಷ್ಟು ಕೊಡ್ಲಿ, ಕಾಲು ಕಿಲೋನಾ?"

ವಿಲ್ಮಾರ್ ಚೀಸ್ ಅಲ್ಲೇ ಬಿಟ್ಟು ಹೊರಗೆ ಬಂದ. ಬಯಲಿನಲ್ಲಿ ಎರಡು ಪಾರಿವಾಳ, ಒಂದು ಮುರಿದ ತಳ್ಳುಗಾಡಿ. ಜನವರಿ ಬೇರೆ. ಕಾರಿದ್ದವರೆಲ್ಲ ಹೆಂಡತಿ, ಮಕ್ಕಳು, ನಾಯಿ ಸಮೇತ ಪೂರ್ವದ ಕಡಲತೀರ ಸೇರಿದ್ದರು. ಇದು ಕಂಪನಿಯವರ ಹಂಚಿಕೆ ಎಂದು ಅವನಿಗೆ ಖಾತ್ರಿಯಾಯಿತು. ಊರು ಖಾಲಿಯಿದ್ದಾಗ ತಲೆ ಎಣಿಸುವ ಬುದ್ಧಿ ಒಳ್ಳೆಯವರಿಗೆ ಬರುವುದಿಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ನೆಲ್ಲಿ ‘ಮಾತೆ’ ಎಂಬ ಸೊಪ್ಪಿನ ಕಷಾಯಕ್ಕೆ ಬಿಸಿನೀರು ಸುರಿಯುತ್ತ ಕೇಳಿದಳು: "ನಿನ್ನ ಹತ್ರ ಸೈಕಲ್ಲೂ ಇಲ್ಲ. ಕಾರು ನಿಲ್ಲಿಸೋ ಜಾಗಕ್ಕೆ ನಿನ್ನದೇನು ಹೋರಾಟ?"

"ಜಾಗಕ್ಕಲ್ಲ ಕಣೇ, ಬಿಸಿಲಿಗೆ."

"ಆ ನೋಟೀಸಲ್ಲಿ ಏನಿದೆ ಅಂತ ಒಂದ್ಸಲ ನೋಡ್ಕೊಂಡಾದ್ರೂ ಬಾ."

"ಗ್ಲಾಡಿಸ್ ಹೇಳಿದ್ಮೇಲೆ ಮುಗೀತು. ಹತ್ತೊಂಬತ್ತು ವರ್ಷದಿಂದ ಚೀಸ್ ಕೊಯ್ತಾ ಇದಾಳೆ."

ಮೊದಲು ಹೋದದ್ದು ಮೆಕ್ಯಾನಿಕ್ ಟೀಟೊನ ಬಳಿಗೆ. ಅವನ ಅಂಗಳದಲ್ಲಿ ಹನ್ನೊಂದು ಕಾರುಗಳು ಆಸ್ಪತ್ರೆಯ ಪಡಸಾಲೆಯ ರೋಗಿಗಳಂತೆ ಬಾಯಿ ತೆರೆದು ಬಿದ್ದಿದ್ದವು.

"ನಾಲ್ಕಕ್ಕೆ ಚಕ್ರ ಇಲ್ಲ, ದೋನ್ ವಿಲ್ಮಾರ್."

"ಹಾಕು."

"ಹಾಕಿದ್ರೆ ಏನು ಕೊಡ್ತೀರಿ?"

ಟೀಟೊನ ಕಣ್ಣು ಆಗಲೇ ಬೀದಿಯಾಚೆಯ ವಿಲ್ಮಾರನ ಹಿತ್ತಲಿನತ್ತ ಹೋಗಿತ್ತು. ನಾಲ್ಕು ಕಿಲೋ ಟೊಮೆಟೊಗೆ ಮಾತಾಯಿತು, ಇವತ್ತು ಸಂಜೆಯೇ. ಟ್ಯಾಕ್ಸಿ ನಿಲ್ದಾಣದ ಏಳು ಜನ ತಲೆಗೆ ಅರ್ಧ ಕಿಲೋ ಕೇಳಿದರು. ರಜೆಯಲ್ಲಿ ಕೆಲಸವಿಲ್ಲದ ಐದು ಶಾಲಾ ವ್ಯಾನಿನವರೂ ಅಷ್ಟೇ ಕೇಳಿದರು. ಕಟುಕನ ವ್ಯಾನೊಂದು, ಕಡಲಿಗೆ ಹೋಗಲು ದುಡ್ಡಿಲ್ಲದ ಮೂವರ ಕಾರು ಮೂರು.

ಮೂಲೆಯ ಶವಸಂಸ್ಕಾರದ ಅಂಗಡಿಯ ಪೆರೇರಾ ಮಾತ್ರ ಗಂಭೀರವಾಗಿ ತಲೆಯಾಡಿಸಿದ.

"ಸತ್ತವರ ಗಾಡೀನ ಕೈಬದಲು ಕೊಡೋ ಪದ್ಧತಿ ನಮ್ಮಲ್ಲಿಲ್ಲ."

"ಇವತ್ತು ಯಾರಾದ್ರೂ ಸತ್ತಿದಾರಾ?"

"ಜನವರೀಲಿ ಯಾರು ಸಾಯ್ತಾರಪ್ಪ, ಎಲ್ಲಾ ಕಡಲಲ್ಲಿದಾರೆ," ಎಂದು ಪೆರೇರಾ ನಿಟ್ಟುಸಿರಿಟ್ಟ. "ಹಸಿರು ಕಾಯೂ ಸೇರಿಸಿ ಕೊಡ್ತೀಯಾ? ನಮ್ಮನೇಲಿ ಅದರ ಸಿಹಿಪಾಕ ಮಾಡ್ತಾರೆ."

ಮೂರು ಕರಿ ಗಾಡಿ ಬಂದವು. ಉದ್ದನೆಯ ಶವವಾಹನ ಬಯಲಿನ ನಡುವೆ ನಿಂತ ಕೂಡಲೇ ಅಂಗಡಿಗೆ ಬರುವವರು ಹೆಜ್ಜೆ ನಿಧಾನ ಮಾಡಿದರು. "ಯಾರಂತೆ?" ಎಂದು ಒಬ್ಬಳು ಕೇಳಿದಳು. "ಅಂಗಡಿ ಮ್ಯಾನೇಜರ್ ಇರಬೇಕು, ಬೆಳಿಗ್ಗೆಯಿಂದ ಕಂಡಿಲ್ಲ," ಎಂದಳು ಇನ್ನೊಬ್ಬಳು. ನಾಲ್ಕೂವರೆ ಹೊತ್ತಿಗೆ ಶವವಾಹನದ ಗಾಜಿನ ಮೇಲೆ ಯಾರೋ ಒಂದು ಹಿಡಿ ಹೂವಿಟ್ಟು ಹೋಗಿದ್ದರು. ಗೋದಾಮಿನಿಂದ ಹೊರಗೆ ಬಂದ ಮ್ಯಾನೇಜರನನ್ನು ಕಂಡು ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು.

ವಿಲ್ಮಾರ್ ಎಣಿಸಿದ. ಮೂವತ್ತು. ಇನ್ನೊಮ್ಮೆ ಎಣಿಸಿದ. ಮೂವತ್ತೇ. ಮೂವತ್ತು ದಾಟಬೇಕಾಗಿತ್ತು.

ಉಳಿದದ್ದು ಅದೇ ಬೀದಿಯ ದೋನ್ಯಾ ಎಲ್ಸಾಳ ಕಾರು. ಗಂಡ ಸತ್ತ ಮೇಲೆ ಒಂಬತ್ತು ವರ್ಷದಿಂದ ಆ ಕಾರು ಅವಳ ಮನೆಯ ಮುಂದೆ, ಮೇಲೆ ಹೂವಿನ ಬಟ್ಟೆ ಹೊದ್ದು, ಕಿಟಕಿಯ ಪರದೆಗೆ ಹೊಂದಿಕೊಂಡು ನಿಂತಿತ್ತು.

"ಬಟ್ಟೆ ತೆಗಿಯೋಕೆ ಬಿಡ್ತೀನಿ," ಎಂದಳು ಎಲ್ಸಾ. "ಆದ್ರೆ ಒಂದು ಬುಟ್ಟಿ ತುಂಬ. ಮೆತ್ತಗಿದ್ರೆ ವಾಪಸ್ಸು."

"ನನ್ನ ಹಿತ್ತಲದ್ದು ಎಂದಾದ್ರೂ ಮೆತ್ತಗಿತ್ತಾ?"

"ನಿನ್ನ ಬಾಯಿ ಬಲ್ಲೆ. ಹಣ್ಣು ನೋಡಿ ಹೇಳ್ತೀನಿ."

ಬ್ಯಾಟರಿ ಸತ್ತಿತ್ತು. ಎಲ್ಸಾ ಸ್ಟೀರಿಂಗ್ ಹಿಡಿದು ಒಳಗೆ ಕೂತಳು, ವಿಲ್ಮಾರ್ ಹಿಂದಿನಿಂದ ತಳ್ಳಿದ, ಟೀಟೊ ಪಕ್ಕದಿಂದ ತಳ್ಳಿದ. "ನಿಧಾನ ಕಣೋ, ನಮ್ಮೆಜಮಾನ್ರು ಇಷ್ಟು ಜೋರು ಓಡಿಸ್ತಿರಲಿಲ್ಲ," ಎಂದು ಅವಳು ಕಿಟಕಿಯಿಂದ ಗದರುತ್ತಲೇ ಇದ್ದಳು. ಐದಕ್ಕೆ ಮೂರು ನಿಮಿಷವಿದ್ದಾಗ ಕಾರು ಶವವಾಹನದ ಪಕ್ಕದಲ್ಲಿ ನಿಂತಿತು. ವಿಲ್ಮಾರನ ಅಂಗಿ ಹಿಂಡಿದರೆ ಗಿಡಕ್ಕೆ ಒಂದು ಹೊತ್ತಿನ ನೀರಾಗುತ್ತಿತ್ತು.

ನಗರಸಭೆಯವಳು ಸೈಕಲ್ಲಿನಲ್ಲಿ ಬಂದಳು. ನೋಯೆಲಿಯಾ ಎಂಬ ಎಳೆ ವಯಸ್ಸಿನ ಆರ್ಕಿಟೆಕ್ಟು. ಬಯಲಿಡೀ ಹೊಳೆಯುವ ತಗಡು ಕಂಡು ಅಲ್ಲೇ ನಿಂತಳು. ಶವವಾಹನದ ಮುಂದೆ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಳು.

"ನೀವು?" ಎಂದು ಅದರ ಪಕ್ಕ ನಿಂತವನನ್ನು ಮೆಲ್ಲಗೆ ಕೇಳಿದಳು.

"ಚೀಸ್ ತಗೊಳ್ಳೋಕೆ ಬಂದಿದೀವಿ," ಎಂದ ಪೆರೇರಾ, ತನ್ನ ವೃತ್ತಿಯ ದನಿಯಲ್ಲಿ.

ಅವಳು ಸಾಲು ಸಾಲಾಗಿ ನಡೆದು ಎಣಿಸಿದಳು. ಇಂಜಿನ್ನೇ ಇಲ್ಲದ ಕಾರೊಂದರ ಮುಂದೆ ಸ್ವಲ್ಪ ಹೊತ್ತು ನಿಂತು ಅದನ್ನೂ ಬರೆದುಕೊಂಡಳು. ವಿಲ್ಮಾರ್ ಅವಳ ಹಿಂದೆಯೇ ನಡೆದ.

"ಮೂವತ್ತೊಂದು," ಎಂದಳು.

"ದಾಟಿತಲ್ಲ? ಹಾಗಾದ್ರೆ ಕಾರಿನ ಜಾಗ ತೆಗೆಯೋ ಹಾಗಿಲ್ಲ. ಅಲ್ವಾ?"

"ಖಂಡಿತ ಇಲ್ಲ, ಹಿರಿಯರೆ. ಕಾನೂನೇ ಹಾಗಿದೆ."

ವಿಲ್ಮಾರ್ ಟೀಟೊನನ್ನು ಅಪ್ಪಿಕೊಂಡ. ನೋಯೆಲಿಯಾ ಹಾಳೆ ಮಡಿಸುತ್ತ ಬೇಸರದಿಂದ ಹೇಳಿದಳು: "ಪಾಪ, ಇಲ್ಲಿ ಬರಬೇಕಿದ್ದ ಚೌಕ ಹೋಯ್ತು. ಇಲ್ಲಿಯವರೆಲ್ಲ ನಡೆದೇ ಬರ್ತಾರೆ ಅಂತ ನಂಬಿ ನಾವು ನಕ್ಷೇಲಿ ಅಂಗಡೀನ ಆ ತುದಿಗೇ ಮನೆಗಳ ಸಮೇತ ಮೂರಂತಸ್ತು ಏರಿಸಿ, ಈ ಬಯಲನ್ನ ಬಯಲಾಗೇ ಬಿಟ್ಟಿದ್ವಿ. ನಾಲ್ಕು ಬೆಂಚು, ಒಂದಿಷ್ಟು ಹೂವಿನ ಗಿಡ. ಆ ಗೋಡೆ ಕಡೆಗೆ ಒಂದು ಇಟ್ಟಿಗೆನೂ ಬರ್ತಿರಲಿಲ್ಲ."

ಅವಳು ತೋರಿಸಿದ್ದು ವಿಲ್ಮಾರನ ಗೋಡೆಯನ್ನು.

"ಈಗ?"

"ಈಗ ಈ ಕಾರುಗಳಿಗೂ ಹೊಸ ಮನೆಗಳವರ ಕಾರುಗಳಿಗೂ ಜಾಗ ಕೊಡಲೇಬೇಕಲ್ಲ. ಕಾರಿಗೇ ಐದಂತಸ್ತಿನ ಕಟ್ಟಡ. ಆ ಗೋಡೆಗೆ ಅಂಟಿಕೊಂಡೇ ಬರುತ್ತೆ."

"ಅಮ್ಮಾ, ಇವು… ಇವುಗಳಲ್ಲಿ ಅರ್ಧ ಓಡೋದೇ ಇಲ್ಲ. ನಾನೇ ತಳ್ಕೊಂಡು ಬಂದೆ."

"ಇರಬಹುದು. ನಿಂತದ್ದನ್ನ ಎಣಿಸೋದಷ್ಟೇ ನನ್ನ ಕೆಲಸ. ಯಾಕೆ ನಿಂತಿದೆ ಅಂತ ಬರೆಯೋಕೆ ಈ ಹಾಳೇಲಿ ಜಾಗ ಇಲ್ಲ." ಹೆಲ್ಮೆಟ್ ಹಾಕಿಕೊಂಡು ಅವಳು ಕೇಳಿದಳು, "ಎಲ್ಲ ವಿವರವಾಗಿ ಬಾಗಿಲಿಗೆ ಅಂಟಿಸಿದ್ವಿ. ನೀವು ನೋಡಲಿಲ್ವಾ?"

ಅವಳ ಸೈಕಲ್ ತಿರುವಿನಲ್ಲಿ ಮರೆಯಾಯಿತು. ಟೀಟೊ ಗಡ್ಡ ಕೆರೆದುಕೊಂಡ. "ಐದಂತಸ್ತು ಕಾರಾ? ಹಂಗಾದ್ರೆ ರಿಪೇರಿಗೂ ಬರ್ತವೆ ಅನ್ನಿ." ಆಮೇಲೆ: "ದೋನ್ ವಿಲ್ಮಾರ್, ಆ ನಾಲ್ಕು ಕಿಲೋ?"

ಎಲ್ಸಾಳ ಕಾರೊಂದು ಬಿಟ್ಟು ಉಳಿದ ಗಾಡಿಗಳನ್ನು ತೆಗೆದುಕೊಂಡು ಹೋಗುವ ಮೊದಲು ಎಲ್ಲರೂ ವಿಲ್ಮಾರನ ಹಿತ್ತಲಿಗೆ ಬಂದರು. ಟೀಟೊ ಕಿತ್ತ, ಟ್ಯಾಕ್ಸಿಯವರು ಕಿತ್ತರು, ವ್ಯಾನಿನವರು ಕಿತ್ತರು. ಪೆರೇರಾ ಕೊನೆಗೆ ಬಂದು ಹಸಿರು ಕಾಯಿಗಳನ್ನೆಲ್ಲ ಟೋಪಿಯಲ್ಲಿ ತುಂಬಿಕೊಂಡು, ಬೋಳು ಗಿಡಗಳ ಮುಂದೆ ಅಭ್ಯಾಸಬಲದಿಂದ ಒಂದು ಕ್ಷಣ ತಲೆ ತಗ್ಗಿಸಿ ನಿಂತು ಹೋದ. ನೆಲ್ಲಿಯ ಕಾಲುಚೀಲದ ಚೂರುಗಳು ಖಾಲಿ ಊರೆಗೋಲುಗಳ ಮೇಲೆ ನೇತಾಡುತ್ತಿದ್ದವು.

"ಎಲ್ಸಾಳ ಬುಟ್ಟಿ?" ಎಂದಳು ನೆಲ್ಲಿ.

ವಿಲ್ಮಾರ್ ಎಲೆ ಎಲೆ ಎತ್ತಿ ನೋಡಿದ. ಒಂದು ಹಣ್ಣೂ ಇರಲಿಲ್ಲ. ಹುಟ್ಟಿದಾಗಿನಿಂದ ಅವನು ಕೊಟ್ಟ ಮಾತು ತಪ್ಪಿದವನಲ್ಲ. ಚೀಲ ಹಿಡಿದು, ಗೋಡೆ ಬಳಸಿಕೊಂಡು ಅಂಗಡಿಯತ್ತ ಹೊರಟ. ಬಾಗಿಲಲ್ಲಿ ಬೆಕ್ಕಿನ ಚಿತ್ರದ ಮೂಲೆ ಎತ್ತಿದ. ಕೆಳಗೆ ಚಿಕ್ಕ ಚೌಕವೊಂದರ ನಕ್ಷೆ ಇತ್ತು, ಪಕ್ಕದಲ್ಲಿ ಅವನ ಮನೆಯ ಗೋಡೆ. ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ ಬಿಸಿಲು ಬಿಡಿಸಿದ್ದರು. ಬೆಕ್ಕನ್ನು ಮತ್ತೆ ಒತ್ತಿ ಅಂಟಿಸಿ ಒಳಗೆ ಹೋದ.

ಮನೆಯಲ್ಲಿ ನೆಲ್ಲಿ ಅಂಗಡಿಯ ಹಣ್ಣುಗಳ ಮೇಲಿನ ಪುಟ್ಟ ಚೀಟಿಗಳನ್ನು ಉಗುರಿನಿಂದ ಕಿತ್ತಳು. ವಿಲ್ಮಾರ್ ಬೆರಳಿಗೆ ಹಿತ್ತಲ ಮಣ್ಣು ಹಚ್ಚಿಕೊಂಡು ಒಂದೊಂದಕ್ಕೂ ಸವರಿದ, ಮೇಲೆ ನಾಲ್ಕು ಎಲೆ ಮುಚ್ಚಿದ.

ಎಲ್ಸಾ ಬಾಗಿಲಲ್ಲೇ ಒಂದನ್ನು ಅಂಗಿಯ ತೋಳಿಗೆ ಒರೆಸಿ ಕಚ್ಚಿದಳು. ಕಣ್ಣು ಮುಚ್ಚಿ ಅಗಿದಳು. ವಿಲ್ಮಾರ್ ಹೊಸ್ತಿಲ ಮೇಲೆ ಶಾಲಾ ಹುಡುಗನಂತೆ ನಿಂತಿದ್ದ.

"ಇದು ನೋಡು ಬಿಸಿಲಿನ ರುಚಿ," ಎಂದಳು. "ಆ ಅಂಗಡೀದು ಹತ್ತಿ ಅಗಿದಂಗಿರುತ್ತೆ ಅಂತ ನೀನು ಹೇಳ್ತಿದ್ದದ್ದು ಸುಳ್ಳಲ್ಲ. ಮುಂದಿನ ವರ್ಷಾನೂ ಕೊಡ್ತೀಯಲ್ಲ?"

ವಿಲ್ಮಾರ್ ಗೋಡೆಯಾಚೆಯ ಅಂಗಡಿಯ ದೀಪದ ಕಡೆ ನೋಡಿದ.

"ಅಂಗಡಿ ಇರೋತನಕ ಕೊರತೆ ಇಲ್ಲ, ಎಲ್ಸಾ," ಎಂದು, ಅವಳ ಕಾರನ್ನು ತಳ್ಳಿಕೊಂಡು ಬರಲು ಹೊರಟ.