ಮಾವನ ಜನಿವಾರ ಬಲಕ್ಕೆ ಹೋದದ್ದು

ವಿಡಿಯೋ ಎಡಿಟ್ ಮಾಡುವುದೇನು ಮಹಾ ವಿದ್ಯೆ ಎಂದು ನಾನು ಕೇಳಿದ್ದು ಹೆಂಡತಿ ಶಾಲಿನಿಯ ಎದುರಿಗೆ. ಅದೇ ಮೊದಲ ತಪ್ಪು. ಕೊಪ್ಪದ ಪೇಟೆಯಲ್ಲಿ ಪುಸ್ತಕದಂಗಡಿ ಇಟ್ಟುಕೊಂಡು, ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬೈಂಡಿಂಗ್ ಮಾಡುತ್ತಿರುವ ಮನುಷ್ಯ ನಾನು. ಹರಿದದ್ದನ್ನು ಅಂಟಿಸಿದ್ದೇನೆ, ಉದ್ದವಾದದ್ದನ್ನು ಕತ್ತರಿಸಿದ್ದೇನೆ, ಕಳೆದುಹೋದ ಪುಟದ ಜಾಗಕ್ಕೆ ಇನ್ನೊಂದನ್ನು ಸೇರಿಸಿ ಯಾರಿಗೂ ಗೊತ್ತಾಗದ ಹಾಗೆ ಹೊಲಿದಿದ್ದೇನೆ. ವಿಡಿಯೋ ಅಂದರೂ ಅದೇ ಕೆಲಸ, ಗೋಂದು ಒಂದು ಬೇಡ ಅಷ್ಟೆ. ಹೀಗೆಂದು ನಾನು ವಿವರಿಸಿದಾಗ ಶಾಲಿನಿ ಏನೂ ಹೇಳದೆ ಒಳಗೆ ಹೋದಳು. ಅವಳು ಏನೂ ಹೇಳದೆ ಒಳಗೆ ಹೋದರೆ ಹೇಳುವುದು ಬಹಳ ಇದೆ ಎಂದು ಅರ್ಥ.

ಸಂಗತಿ ಇಷ್ಟೇ. ಕಿಗ್ಗದಲ್ಲಿರುವ ನನ್ನ ಮಾವ, ಅಂದರೆ ಶಾಲಿನಿಯ ಅಪ್ಪ ಸುಬ್ರಾಯರಿಗೆ, ಎಪ್ಪತ್ತು ತುಂಬಿತು. ಮನೆಯಲ್ಲೇ ಶಾಂತಿಹೋಮ ಇಟ್ಟುಕೊಂಡರು. ನೆಂಟರೆಲ್ಲ ಬರುವವರೇ, ಮಾವನ ಅಕ್ಕ ಕಮಲತ್ತೆಯೊಬ್ಬರನ್ನು ಬಿಟ್ಟು. ಮುತ್ತಿನಕೊಪ್ಪದ ತಮ್ಮ ಮನೆಯ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಅವರು ಗಾಲಿಕುರ್ಚಿಯಲ್ಲಿದ್ದರು. ಅಲ್ಲಿಂದ ಕಿಗ್ಗದವರೆಗಿನ ತಿರುವುಗಳನ್ನು ಈ ಸೊಂಟ ತಾಳುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಕಮಲತ್ತೆ. ಅವರು ಫೋನಿನಲ್ಲಿ ಅತ್ತರು. ಮಾವನೂ ಅತ್ತರು. ಫೋನನ್ನು ಹಿಡಿದುಕೊಂಡಿದ್ದ ನನಗೆ ತಡೆಯಲಾಗಲಿಲ್ಲ. ಕಾರ್ಯದ ಒಂದೊಂದು ಕ್ಷಣವನ್ನೂ ತೆಗೆದು, ಚೆಂದವಾಗಿ ಎಡಿಟ್ ಮಾಡಿ, ಕಮಲತ್ತೆಯ ಮನೆಯ ಟಿವಿಯಲ್ಲೇ ತೋರಿಸುವುದಾಗಿ ಎಲ್ಲರೆದುರಿಗೆ ಮಾತು ಕೊಟ್ಟೆ.

ಕಾರ್ಯದ ದಿನ ಬೆಳಿಗ್ಗೆ ನಾನು ಹೊರಡಿಸಿದ ಮೊದಲ ಆಜ್ಞೆ, ಬೇರೆ ಯಾರೂ ಮೊಬೈಲ್ ಎತ್ತಕೂಡದು ಎಂಬುದು. ಹತ್ತು ಜನ ಹತ್ತು ಕಡೆಯಿಂದ ಅಡ್ಡ ಬಂದರೆ ನನ್ನ ಚಿತ್ರೀಕರಣ ಕೆಡುತ್ತದಲ್ಲ! ಪಾಪ, ಎಲ್ಲರೂ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಅಕ್ಷತೆ ಹಿಡಿದು ನಿಂತರು. ನಾನು ಬಗ್ಗಿ ತೆಗೆದೆ, ಸ್ಟೂಲು ಹತ್ತಿ ತೆಗೆದೆ, ಊಟದ ಪಂಕ್ತಿಯ ನಡುವೆ ಹಿಮ್ಮುಖವಾಗಿ ನಡೆಯುತ್ತಾ ತೆಗೆದೆ. ಹಾಗೆ ನಡೆಯುವಾಗ ಒಬ್ಬರ ಸಾರಿನೊಳಗೆ ಕಾಲಿಟ್ಟೆ. ಕಲೆಗಾಗಿ ಅದನ್ನೂ ಸಹಿಸಿಕೊಂಡೆ.

ಕೊಪ್ಪಕ್ಕೆ ಬಂದು ನೋಡಿದರೆ ಫೋನಿನಲ್ಲಿ ಇದ್ದದ್ದು ನಾಲ್ಕು ನಿಮಿಷ. ದಿನಾ ಬೆಳಿಗ್ಗೆ ನೆಂಟರಿಷ್ಟರು ಕಳಿಸುವ ಶುಭೋದಯದ ಗುಲಾಬಿ ಹೂವುಗಳು ಜಾಗವನ್ನೆಲ್ಲ ತಿಂದಿದ್ದವು. ಇನ್ನು ಜಾಗವಿಲ್ಲ ಎಂದು ಫೋನು ಹೇಳಿದ್ದಿರಬೇಕು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಉಳಿದಿದ್ದು ಎರಡೇ ತುಂಡು. ಮಾವ ಮತ್ತು ನಮ್ಮತ್ತೆ, ಅಂದರೆ ಶಾಲಿನಿಯ ಅಮ್ಮ, ಹೋಮಕುಂಡಕ್ಕೆ ಪ್ರದಕ್ಷಿಣೆ ಬರುವುದು ಒಂದು. ಮಾವ ಕೈಮುಗಿದು, ಅಕ್ಕಾ, ಕೂತಲ್ಲಿಂದಲೇ ಆಶೀರ್ವಾದ ಮಾಡು ಎನ್ನುವುದು ಇನ್ನೊಂದು.

ಆಗಲೇ ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಾರಿನೊಳಗೆ ಕಾಲಿಟ್ಟವನಿಗೆ ಮಾನದ ಚಿಂತೆ ಜಾಸ್ತಿ. ಕಳೆದುಹೋದ ಪುಟದ ಜಾಗಕ್ಕೆ ಬೇರೆ ಪುಟ ಸೇರಿಸುವುದು ನನಗೆ ಗೊತ್ತಿದೆಯಲ್ಲ! ಅಂಗಡಿಯ ಲ್ಯಾಪ್‌ಟಾಪ್ ತೆರೆದು ಆನ್‌ಲೈನಿನಲ್ಲಿ ಹುಡುಕಿದೆ. ಹೋಮದ ವಿಡಿಯೋ ಬೇಕೆ? ಬೇಕಾದಷ್ಟು. ಬಾಳೆಲೆ ಊಟ? ಎಷ್ಟು ಪಂಕ್ತಿ ಬೇಕು? ಹತ್ತು ದಿನ ಅಂಗಡಿಗೆ ಬಂದ ಗಿರಾಕಿಗಳಿಗೆ ಬೇಕಾದ ಪುಸ್ತಕ ನೀವೇ ತಗೊಳ್ಳಿ ಎಂದುಬಿಟ್ಟು, ಯಾರದೋ ಹೊಗೆ, ಯಾರದೋ ಕಲಶ, ಯಾರದೋ ಊಟ ಎಲ್ಲವನ್ನೂ ಇಳಿಸಿಕೊಂಡು ನಮ್ಮ ನಾಲ್ಕು ನಿಮಿಷದ ಹಿಂದೆ ಮುಂದೆ ಜೋಡಿಸಿದೆ. ಮಧ್ಯೆ ಒಂದು ಜಲಪಾತವನ್ನೂ ಹಾಕಿದೆ. ಜಲಪಾತ ಯಾಕೆ ಎಂದು ಶಾಲಿನಿ ಕೇಳಿದಳು. ಇರಲಿ ಅಂತ, ಎಂದೆ. ಒಟ್ಟು ಇಪ್ಪತ್ತೆರಡು ನಿಮಿಷದ ಚಿತ್ರ ಸಿದ್ಧವಾಯಿತು.

ಕಮಲತ್ತೆಯ ಟಿವಿಗೆ ಇಂಟರ್ನೆಟ್ ಇದ್ದದ್ದರಿಂದ ವಿಡಿಯೋವನ್ನು ಆನ್‌ಲೈನಿಗೆ ಏರಿಸಿದೆ. ಐದು ನಿಮಿಷದಲ್ಲಿ ಅಲ್ಲಿಂದ ಇಂಗ್ಲಿಷಿನಲ್ಲಿ ಒಂದು ಓಲೆ ಬಂತು. ಈ ತುಣುಕುಗಳು ಬೇರೆಯವರವು, ಆದ್ದರಿಂದ ತಮ್ಮ ವಿಡಿಯೋವನ್ನು ತಡೆಹಿಡಿಯಲಾಗಿದೆ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು. ಹಾಗಾದರೆ ಇದೆಲ್ಲ ಕದ್ದದ್ದಾ ಎಂದು ಶಾಲಿನಿ ಕೇಳಿದಳು. ಎರವಲು ಎಂದು ತಿದ್ದಿದೆ. ಯಜಮಾನರನ್ನು ಕೇಳದೆ ತಂದರೆ ಅದಕ್ಕೆ ಎರವಲು ಅನ್ನುವುದಿಲ್ಲ ಎಂದು ಅವಳು ತಿರುಗಿ ತಿದ್ದಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಹಾಗಾಗಿ ನಾನು ಕೇಳಿಸಿಕೊಳ್ಳಲಿಲ್ಲ.

ಇದಕ್ಕೂ ಉಪಾಯ ಹೇಳುವ ಮಹಾನುಭಾವನೊಬ್ಬ ಆನ್‌ಲೈನಿನಲ್ಲೇ ಸಿಕ್ಕಿದ. ತುಣುಕನ್ನು ಎಡ ಬಲ ಅದಲುಬದಲು ಮಾಡಿಬಿಡಿ, ಕಂಪ್ಯೂಟರಿಗೆ ಗುರುತು ಸಿಗುವುದಿಲ್ಲ ಎಂದು ಅವನು ನಗುನಗುತ್ತಾ ಹೇಳಿಕೊಟ್ಟ. ‘ಫ್ಲಿಪ್’ ಎಂಬ ಬಟನ್ ಒತ್ತಿದೆ. ಎಲ್ಲ ತುಣುಕಿಗೂ ಮಾಡಲೇ ಎಂದು ಅದು ಕೇಳಿತು. ಮಾಡು ಮಾರಾಯ ಎಂದೆ. ಏರಿಸಿದೆ, ಈ ಸಲ ಓಲೆ ಬರಲಿಲ್ಲ. ಅಷ್ಟು ದೊಡ್ಡ ಕಂಪ್ಯೂಟರಿಗೆ ಕೊಪ್ಪದ ಬೈಂಡರ್ ಒಬ್ಬ ಮಣ್ಣು ಮುಕ್ಕಿಸಿದ್ದ. ಹತ್ತು ದಿನ ಅದನ್ನೇ ನೋಡಿ ಕಣ್ಣು ಉರಿಯುತ್ತಿದ್ದರಿಂದ ಮತ್ತೊಮ್ಮೆ ನೋಡುವ ಗೋಜಿಗೆ ಹೋಗಲಿಲ್ಲ.

ಭಾನುವಾರ ಮುತ್ತಿನಕೊಪ್ಪದಲ್ಲಿ ಪ್ರದರ್ಶನ. ಮಾವನೂ ನಮ್ಮತ್ತೆಯೂ ಕಿಗ್ಗದಿಂದ ಬಂದಿದ್ದರು. ಕಮಲತ್ತೆ ಮಡಿ ಸೀರೆ ಉಟ್ಟು, ತೊಡೆಯ ಮೇಲೆ ಬಟ್ಟಲಲ್ಲಿ ಅಕ್ಷತೆ ಇಟ್ಟುಕೊಂಡು, ನಿಜವಾದ ಕಾರ್ಯಕ್ಕೆ ಕೂತ ಹಾಗೆ ಟಿವಿಯ ಎದುರು ಕೂತಿದ್ದರು. ಅದನ್ನು ನೋಡಿ, ಎಂಥ ಒಳ್ಳೆಯ ಕೆಲಸ ಮಾಡಿದೆ ಎಂದು ನನ್ನ ಬಗ್ಗೆ ನನಗೇ ಗೌರವ ಬಂತು. ಗೌರವ ಬಂದದ್ದು ಅದೇ ಕೊನೆ.

ಮೊದಲು ಊಟದ ಪಂಕ್ತಿ ಬಂತು. ಊಟವನ್ನು ಮೊದಲೇ ಹಾಕಿದ್ದು ನನ್ನ ಕಲಾತ್ಮಕ ನಿರ್ಧಾರ. ಇನ್ನೂರು ಜನ ಸಾಲಾಗಿ ಕೂತಿದ್ದಾರೆ, ಜಿಲೇಬಿ ಬಡಿಸುತ್ತಿದ್ದಾರೆ.

“ಜಿಲೇಬಿ ಮಾಡಿದ್ರಾ?” ಎಂದರು ಕಮಲತ್ತೆ. “ನಂಗೆ ಬರೀ ಹೋಳಿಗೆ ಕಳ್ಸಿದ್ರಿ.”

ನಮ್ಮತ್ತೆ ಕಕ್ಕಾಬಿಕ್ಕಿಯಾದರು. ಜಿಲೇಬಿ ಮಾಡಿಯೇ ಇರಲಿಲ್ಲ ಎಂದರೆ ಕಮಲತ್ತೆ ಟಿವಿಯ ಕಡೆ ಕೈ ತೋರಿಸಿದರು. ಕಣ್ಣೆದುರಿಗೆ ಬುಟ್ಟಿಗಟ್ಟಲೆ ಜಿಲೇಬಿ! ಕಳಿಸದಿದ್ದರೆ ಬೇಡ, ಇಲ್ಲ ಅಂತ ಯಾಕೆ ಹೇಳಬೇಕು ಎಂದು ಅವರ ಮುಖ ಸಣ್ಣದಾಯಿತು. ನಾನು ಜಲಪಾತ ಬೇಗ ಬರಲಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಕಮಲತ್ತೆಯ ಸೊಸೆ ರೇಖಾ, ಇವರೆಲ್ಲ ಎಡಗೈಯಲ್ಲಿ ಉಣ್ಣುತ್ತಿದ್ದಾರಲ್ಲ ಎಂದಳು. ನೋಡಿದೆ. ಇನ್ನೂರಕ್ಕೆ ಇನ್ನೂರು ಜನವೂ ಎಡಗೈಯಲ್ಲೇ ಕಲಸುತ್ತಿದ್ದರು. ಎಲ್ಲ ತುಣುಕಿಗೂ ಮಾಡು ಎಂದು ನಾನೇ ಒತ್ತಿದ ಫ್ಲಿಪ್ ಬಟನ್ ನೆನಪಾಯಿತು.

ಆಮೇಲೆ ಮಾವ ಬಂದರು. ನಮ್ಮತ್ತೆಯ ಜೊತೆ ಹೋಮಕುಂಡವನ್ನು ಸುತ್ತುತ್ತಿದ್ದಾರೆ, ಪ್ರದಕ್ಷಿಣೆಯಲ್ಲ, ಅಪ್ರದಕ್ಷಿಣೆ. ಬರಿಮೈಯ ಮೇಲೆ ಜನಿವಾರ ಎಡ ಹೆಗಲಿನಲ್ಲಿಲ್ಲ, ಬಲ ಹೆಗಲಿನಲ್ಲಿದೆ. ಜನಿವಾರ ಬಲಕ್ಕೆ ಬರುವುದು ಹೋಮಕ್ಕಲ್ಲ, ತಿಥಿಗೆ, ಪಿಂಡ ಇಡುವಾಗ. ಆ ಮನೆಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಕಮಲತ್ತೆ ತಮ್ಮನ ಕಡೆ ತಿರುಗಿದರು. “ಸುಬ್ರಾಯ, ಇದು ಯಾರ ತಿಥಿ ಮಾರಾಯ?” ಎಂದರು.

ಮಾವ ಮೊದಲು ಟಿವಿಯ ಜನಿವಾರ ನೋಡಿದರು, ಆಮೇಲೆ ಅಂಗಿಯೊಳಗೆ ಇಣುಕಿ ತಮ್ಮದನ್ನು ನೋಡಿಕೊಂಡರು. ದೀರ್ಘಾಯುಷ್ಯಕ್ಕೆಂದು ಮಾಡಿದ ಶಾಂತಿಯಲ್ಲಿ ತನಗೇ ತಾನು ತಿಥಿ ಮಾಡಿಕೊಂಡ ಹಾಗಾಯಿತಲ್ಲ ಎಂದು ಕುಸಿದು ಕೂತರು. ನಮ್ಮತ್ತೆ ಅಳಲು ಶುರು ಮಾಡಿದರು. ಕಾರ್ಯ ಮಾಡಿಸಿದ ಭಟ್ಟರಿಗೆ ಫೋನ್ ಹೋಯಿತು, ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ನಾನು ಬಾಯಿಬಿಡಲಿಲ್ಲ. ಬಿಟ್ಟರೆ ಫ್ಲಿಪ್ಪಿನ ಹಿಂದೆ ಕಳ್ಳಮಾಲು, ಕಳ್ಳಮಾಲಿನ ಹಿಂದೆ ಗುಲಾಬಿ ಹೂವು, ಎಲ್ಲವೂ ಹೊರಗೆ ಬರುತ್ತಿತ್ತು. ಭಟ್ಟರು ಹೇಗೂ ಜಗಳ ಆಡುತ್ತಾರೆ, ಆ ಗಲಾಟೆಯಲ್ಲಿ ಮುಚ್ಚಿಹೋಗಲಿ ಎಂದು ಕಾದೆ.

ಭಟ್ಟರು ಜಗಳ ಆಡಲಿಲ್ಲ.

“ನಲವತ್ತು ವರ್ಷದಿಂದ ಮಾಡಿಸ್ತಿದ್ದೇನೆ. ಇಂಥದ್ದು ಆಗಿರ್ಲಿಲ್ಲ,” ಎಂದರು. “ವಿಡಿಯೋದಲ್ಲಿ ಹಾಗೆ ಇದ್ರೆ ನಂದೇ ತಪ್ಪು ಸುಬ್ರಾಯ್ರೆ. ವಯಸ್ಸಾಯ್ತು, ಲಕ್ಷ್ಯ ತಪ್ಪಿರ್ಬೇಕು. ಇನ್ನು ಮೇಲೆ ಯಾರ ಮನೆ ಕಾರ್ಯಕ್ಕೂ ಹೋಗೋದಿಲ್ಲ ಬಿಡಿ.”

ಆ ಧ್ವನಿ ಕೇಳಿ ನನಗೆ ನಿಜವಾಗಿ ನಾಚಿಕೆಯಾಯಿತು. ಶಾಲಿನಿ ನನ್ನನ್ನೇ ನೋಡುತ್ತಿದ್ದಳು. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಫೋನಿನ ಹೊಟ್ಟೆ ತುಂಬಿದ್ದು, ಜಿಲೇಬಿ ಯಾರದೋ ಮನೆಯದು, ಜಲಪಾತ ಯಾವ ದೇಶದ್ದೋ ಗೊತ್ತಿಲ್ಲ, ಕದ್ದದ್ದು ಕಾಣದಿರಲಿ ಎಂದು ಎಡ ಬಲ ತಿರುಗಿಸಿದ್ದು, ತಿರುಗಿಸುವಾಗ ಮಾವನನ್ನೂ ಸೇರಿಸಿ ತಿರುಗಿಸಿದ್ದು. ಭಟ್ಟರು ಮಾಡಿಸಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ, ಜನಿವಾರ ಬಲಕ್ಕೆ ಹಾಕಿದವನು ನಾನು ಎಂದೆ.

ಯಾರಿಗೂ ಪೂರ್ತಿ ನಂಬಿಕೆ ಬರಲಿಲ್ಲ. ವಿಡಿಯೋ ಅಂದರೆ ಕಂಡದ್ದು ಕಂಡ ಹಾಗೆ ಅಲ್ಲವೇ ಎಂದು ಮಾವ ಮತ್ತೆ ಮತ್ತೆ ಕೇಳಿದರು. ಲ್ಯಾಪ್‌ಟಾಪ್ ಕೊಪ್ಪದಲ್ಲಿತ್ತು. ಸಾಬೀತು ಮಾಡುವುದು ಹೇಗೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ, ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದ ಕಮಲತ್ತೆ ಹೇಳಿದರು:

“ಎಡ ಬಲ ಆಗಿದ್ದು ಹೌದಾದ್ರೆ ಕನ್ನಡೀಲಿ ನೋಡಿದ್ರೆ ಸರಿ ಕಾಣ್ಬೇಕಲ್ದಾ? ರೇಖಾ, ಕೈ ತೊಳ್ಯೋ ಜಾಗದ ಕನ್ನಡಿ ತಗೊಂಡ್ಬಾ.”

ಕನ್ನಡಿ ಬಂತು. ಅದರ ಮೂಲೆಯಲ್ಲಿ ರೇಖಾ ಅಂಟಿಸಿಟ್ಟ ಸ್ಟಿಕ್ಕರ್ ಬಿಂದಿಗಳು ಆರೇಳು ಇದ್ದವು. ಕಮಲತ್ತೆಯ ಕುರ್ಚಿಯನ್ನು ಟಿವಿಗೆ ಬೆನ್ನು ಮಾಡಿ ತಿರುಗಿಸಿದರು. ಅವರೆದುರು ಕನ್ನಡಿ ಹಿಡಿದು ನಿಲ್ಲುವ ಜವಾಬ್ದಾರಿ ಸರ್ವಾನುಮತದಿಂದ ನನಗೆ ಬಂತು. ವಿಡಿಯೋ ಮೊದಲಿನಿಂದ ಹಾಕಿದರು. ನನಗೆ ಕಾಣುತ್ತಿದ್ದದ್ದು ಕನ್ನಡಿಯ ಹಿಂದಿನ ರಟ್ಟು ಮಾತ್ರ. ಇನ್ನೂರು ಜನ ಬಲಗೈಗೆ ಬಂದರು ಎಂದು ರೇಖಾ ವರದಿ ಮಾಡಿದಳು. ಕಮಲತ್ತೆಗೆ ಅದು ಬೇಕಿರಲಿಲ್ಲ.

“ಈ ಜಿಲೇಬಿಯವ್ರೆಲ್ಲ ನಮ್ಗೆ ಯಾರೂ ಅಲ್ಲ. ಅವ್ರು ಬಂದಾಗ ಕನ್ನಡಿ ಕೆಳಗಿಳ್ಸಿ ಅಳಿಯಂದಿರೇ. ಸುಬ್ರಾಯ ಬಂದಾಗ ಎತ್ತಿ.”

ಹಾಗೇ ಮಾಡಿದೆ. ಯಾರದೋ ಹೊಗೆಗೆ ಇಳಿಸಿದೆ, ಮಾವನಿಗೆ ಎತ್ತಿದೆ, ಜಲಪಾತಕ್ಕೆ ಇಳಿಸಿದೆ. ಕನ್ನಡಿಯಲ್ಲಿ ಮಾವ ಹೋಮಕುಂಡಕ್ಕೆ ಸರಿಯಾಗಿ ಪ್ರದಕ್ಷಿಣೆ ಬಂದರು, ಜನಿವಾರ ಎಡ ಹೆಗಲಿಗೆ ಮರಳಿತು. ಸ್ಪೀಕರಿನಲ್ಲಿ ಇನ್ನೂ ಇದ್ದ ಭಟ್ಟರಿಗೆ ಮಾವ ಅದನ್ನು ಗಟ್ಟಿಯಾಗಿ ಹೇಳಿದರು. ಆ ಕಡೆಯಿಂದ ಮೂಗು ಸೀಟಿದ ಸದ್ದು ಕೇಳಿತು. ಆಮೇಲೆ, ಅಕ್ಕಾ, ಕೂತಲ್ಲಿಂದಲೇ ಆಶೀರ್ವಾದ ಮಾಡು ಎಂಬ ಮಾತು ಬಂತು. ನಿಜವಾದ ತಮ್ಮ ಪಕ್ಕದಲ್ಲೇ ಕೂತಿದ್ದರೂ ಕಮಲತ್ತೆ ಬಟ್ಟಲಿನ ಅಕ್ಷತೆಯನ್ನು ಎರಡೂ ಕೈಯಲ್ಲಿ ತೆಗೆದು ಕನ್ನಡಿಗೆ ಹಾಕಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಕ್ಷತೆ ಅರ್ಧ ನನ್ನ ತಲೆಯ ಮೇಲೆ, ಇನ್ನರ್ಧ ಅಂಗಿಯ ಕಾಲರಿನೊಳಗೆ ಬಿತ್ತು.

ವಿಡಿಯೋ ಮುಗಿಯಿತು. ಹತ್ತು ದಿನ ಲ್ಯಾಪ್‌ಟಾಪಿನಲ್ಲಿ ಆಗದ ಎಡಿಟಿಂಗನ್ನು ಕಮಲತ್ತೆ ಕೂತಲ್ಲೇ ಇಪ್ಪತ್ತೆರಡು ನಿಮಿಷದಲ್ಲಿ ಮಾಡಿ ಮುಗಿಸಿದ್ದರು. ನನ್ನ ರಟ್ಟೆಗಳು ಬಿದ್ದುಹೋಗಿದ್ದವು. ಕಮಲತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಈ ಕೆಲಸ ನಿಮಗೆ ಚೆನ್ನಾಗಿ ಬರುತ್ತದೆ ಎಂದು ಮೆಚ್ಚಿದರು. ರೇಖಾ ಕನ್ನಡಿ ತೆಗೆದುಕೊಳ್ಳಲು ಬಂದಾಗ ಅವಳನ್ನು ತಡೆದರು.

“ಇನ್ನೊಂದ್ಸಲ ನೋಡ್ಬೇಕು. ಅಳಿಯಂದಿರೇ, ನೀವು ಹಾಗೇ ನಿಂತಿರಿ.”

ನಿಂತೆ. ಒಟ್ಟು ಮೂರು ಸಲ.