ಕಮಲಾಪುರದ ಮಾರ್ಗವಾಗಿ ಅಂಡಮಾನ್

ಮುಕುಂದರಾಯರಿಗೆ ಬಾಯಿ ಮುಚ್ಚಿಕೊಂಡಿದ್ದರಿಂದ ಜೀವನದಲ್ಲಿ ಯಾವತ್ತೂ ನಷ್ಟವಾಗಿರಲಿಲ್ಲ. ಆದ ನಷ್ಟವೆಲ್ಲ ಬಾಯಿ ಬಿಟ್ಟಾಗಲೇ. ಆ ಭಾನುವಾರ ಊಟಕ್ಕೆ ಕೂತಾಗ ‘ಜೀಪು’ ಎನ್ನುವ ಮಾತನ್ನು ಅನ್ನದ ಜೊತೆಗೇ ನುಂಗಿಬಿಟ್ಟಿದ್ದರೆ, ಕಲಬುರಗಿಯ ಮನೆಯಲ್ಲಿ ನೆಲಕ್ಕೆ ಚಾಪೆ ಹಾಸಿಕೊಂಡು ಫ್ಯಾನು ತಿರುಗುವುದನ್ನು ನೋಡುತ್ತ ಮಲಗುವ ಪ್ರಸಂಗ ಅವರಿಗೆ ಬರುತ್ತಿರಲಿಲ್ಲ.

ರಾಯರದು ಕೇಂದ್ರ ಸರ್ಕಾರದ ನೌಕರಿ. ನಾಲ್ಕು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಕರುಣೆ ಉಕ್ಕಿ, ಸಂಸಾರ ಸಮೇತ ದೇಶ ನೋಡಿ ಬಾ ಎಂದು ಪ್ರಯಾಣದ ಖರ್ಚು ಕೊಡುತ್ತಿತ್ತು. ಇಷ್ಟು ವರ್ಷ ಆ ಕರುಣೆಯೆಲ್ಲ ತಿರುಪತಿ, ಪಂಢರಪುರಗಳಲ್ಲೇ ಖರ್ಚಾಗಿತ್ತು. ಈ ಸಲ ಮಾತ್ರ ರಾಯರು ಪಟ್ಟು ಹಿಡಿದು ಮದ್ರಾಸಿನಿಂದ ಅಂಡಮಾನಿಗೆ ಹಡಗಿನ ಟಿಕೆಟ್ ಮಾಡಿಸಿದ್ದರು. ಹೆಂಡತಿ ಇಂದೂಬಾಯಿ ಕಲಬುರಗಿಯ ‘ಅಪ್ಪನ ಕೆರೆ’ಗಿಂತ ದೊಡ್ಡ ನೀರು ಕಂಡವರಲ್ಲ. ಮದುವೆಯಾದ ಹೊಸದರಲ್ಲಿ ಅದೇ ಕೆರೆಯ ದಂಡೆಯ ಮೇಲೆ, “ಆಚಿ ದಂಡಿ ಕಾಣಲಾರದಂಥಾ ನೀರು ಖರೇನಽ ಇರ್ತದೇನ್ರಿ?” ಎಂದು ಕೇಳಿದ್ದರು. ತೋರಿಸುತ್ತೇನೆ ಎಂದು ರಾಯರು ಮಾತು ಕೊಟ್ಟಿದ್ದರು. ಆಮೇಲೆ ಮಕ್ಕಳ ಮುಂಜಿ, ಮದುವೆ, ಲಾತೂರಿನಿಂದ ಬರುವ ನೆಂಟರು, ಸೋಲಾಪುರಕ್ಕೆ ಹೋಗುವ ನೆಂಟರು (ಹೋಗುವವರೂ ಇವರ ಮನೆಯಲ್ಲೇ ಇಳಿಯುತ್ತಿದ್ದರು). ಗಂಡ ಹೆಂಡತಿ ಇಬ್ಬರೇ ಕೂತು ಒಂದು ಕಪ್ಪು ಚಹಾ ಪೂರ್ತಿ ಕುಡಿದದ್ದು ಆ ಮನೆಯ ಚರಿತ್ರೆಯಲ್ಲಿ ದಾಖಲಾಗಿಲ್ಲ. ಸಮುದ್ರದ ದಂಡೆಯಲ್ಲಿ ಹೆಂಡತಿಯ ಪಕ್ಕ ಸುಮ್ಮನೆ ಕೂಡಬೇಕು, ನಡುವೆ ಯಾರೂ ಇರಬಾರದು. ರಾಯರಿಗೆ ಬೇಕಾಗಿದ್ದದ್ದು ಇಷ್ಟೇ.

ಇದಕ್ಕೆ ದೇವರೂ ಅನುಕೂಲನಾಗಿದ್ದ. ತಾಯಿ ಸಾವಿತ್ರೀಬಾಯಿ ತಾವಾಗಿಯೇ ಬರುವುದಿಲ್ಲ ಎಂದಿದ್ದರು. ಅವರದು ಕಟ್ಟುನಿಟ್ಟಿನ ಮಡಿ. ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಸೀರೆ, ತಾಮ್ರದ ತಂಬಿಗೆ, ಪುಟ್ಟ ಸ್ಟೋವು ಎಲ್ಲ ಸೇರಿ ಒಂದು ಗಂಟು. ಆ ಗಂಟಿಗೆ ಇನ್ನೊಬ್ಬರ ಬೆರಳು ತಾಗಿದರೆ ಸೀರೆ ಮತ್ತೆ ಒಗೆಯಬೇಕು, ಒಣಗುವ ತನಕ ಅಡುಗೆ ಇಲ್ಲ, ಊಟವೂ ಇಲ್ಲ. ಅಂಡಮಾನಿನ ಬಸ್ಸಿನಲ್ಲಿ ಯಾರು ಯಾರನ್ನು ಮುಟ್ಟುತ್ತಾರೋ ಯಾರಿಗೆ ಗೊತ್ತು? ಹೀಗೆಂದು ಅವರು ನಿಟ್ಟುಸಿರು ಬಿಟ್ಟಾಗ ರಾಯರು ಮುಖ ಸಣ್ಣದು ಮಾಡಿಕೊಂಡು ಒಳಗೊಳಗೇ ಹಿಗ್ಗಿದ್ದರು.

ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಹೆಂಡತಿಯ ಮುಂದೆ ದೊಡ್ಡಸ್ತಿಕೆ ತೋರಿಸುವ ಚಪಲ ಯಾವ ಗಂಡನಿಗೆ ತಪ್ಪಿದೆ? ಅಲ್ಲಿಗೆ ಹೋಗಿ ಬಂದಿದ್ದ ಆಫೀಸಿನ ದತ್ತಪ್ಪ, ದ್ವೀಪದಲ್ಲಿ ಜೀಪು ಬಾಡಿಗೆಗೆ ಸಿಗುತ್ತದೆ ಎಂದಿದ್ದ. (ಅದು ಬೇಕಾಗುತ್ತದೋ ಇಲ್ಲವೋ ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.)

“ಅಲ್ಲಿ ಅಡ್ಡಾಡ್ಲಿಕ್ಕೆ ಜೀಪು ತಗೋಬೇಕಂತ ಮಾಡೀನಿ,” ಎಂದರು ರಾಯರು ಸಾರು ಕಲಸುತ್ತ. “ಸಾದಾ ಜೀಪಲ್ಲ. ನಾಲ್ಕೂ ಗಾಲಿ ಜಗ್ಗೂ ಅಂಥಾದ್ದು. ಗುಡ್ಡಾನೂ ಏರ್ತದ, ಉಸುಕಿನ್ಯಾಗೂ ಓಡ್ತದ.”

ಪಕ್ಕದ ಎಲೆಯಲ್ಲಿ ಇಂದೂಬಾಯಿಯ ತಮ್ಮ ಬಂಡು ಇದ್ದ. ಊರಂಚಿನ ಕುಸನೂರಲ್ಲಿ ಮನೆ ಮಾಡಿಕೊಂಡಿದ್ದರೂ ಭಾನುವಾರ ಅವನಿಗೆ ಹಸಿವಾಗುತ್ತಿದ್ದದ್ದು ಅಕ್ಕನ ಮನೆಯಲ್ಲೇ.

“ಹಂಗಾರ ಎಂಟು ಮಂದಿ ಆರಾಮ ಕೂಡ್ತಾರ್ರಿ ಭಾವಾರ.”

“ಇಬ್ಬರೂ ಆರಾಮ ಕೂಡ್ತಾರ.”

“ಇಬ್ಬರ ಸಲುವಾಗಿ ನಾಲ್ಕು ಗಾಲಿ ಜಗ್ಗಸೂದು ಚಂದ ಕಾಣ್ತದೇನ್ರಿ? ನನ್ನ ಟಿಕೆಟ್ ನಾ ತಗೋತೀನಿ.”

ಅಡುಗೆಮನೆಯಿಂದ ಸಾವಿತ್ರೀಬಾಯಿಯ ಧ್ವನಿ ಬಂತು. “ನಮ್ಮದಽ ಜೀಪು ಅಂದ ಮ್ಯಾಲ ಗಂಟು ಮುಟ್ಟವರು ಯಾರು? ನಂದೂ ಒಂದು ಟಿಕೆಟ್ ಮಾಡ್ಸೋ ಮುಕುಂದಾ.”

ರಾಯರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಾಡಿಗೆ ಗಾಡಿಯಲ್ಲಿ ಒಂದು ಸೀಟು ಖಾಲಿ ಹೋಯಿತೆಂದರೆ ನಮ್ಮ ಜನಕ್ಕೆ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದಷ್ಟು ಸಂಕಟ. ಅದು ಗೊತ್ತಿದ್ದೂ ಎಂಟು ಸೀಟಿನ ಜೀಪನ್ನು ಬಾಯಿಂದ ಹೊರಗೆ ಬಿಟ್ಟವರು ಅವರೇ.

ಮರುದಿನದಿಂದ ರಾಯರು ಜೀಪಿನ ಕಡು ವೈರಿಯಾದರು. ಜೀಪು ಕುಲುಕುತ್ತದೆ, ಜೀಪಿನಲ್ಲಿ ಧೂಳು ನುಗ್ಗುತ್ತದೆ, ಅಷ್ಟಕ್ಕೂ ದ್ವೀಪವೆಂದರೆ ಎಷ್ಟು ಉದ್ದ, ಹೊರಟ ಜೀಪು ನಿಲ್ಲದಿದ್ದರೆ ನೇರ ಸಮುದ್ರಕ್ಕೇ ಎಂದೆಲ್ಲ ಪ್ರವಚನ ಮಾಡಿದರು.

“ಬೇಕಂದವರೂ ನೀವಽ, ಬ್ಯಾಡನ್ನವರೂ ನೀವಽ,” ಎಂದರು ಇಂದೂಬಾಯಿ. “ಅತ್ತಿಯವರು ಈಗಾಗಲೇ ಸೀರಿ ತಗದು ಇಟ್ಟಾರ. ಹೆಂಗ ಬ್ಯಾಡನ್ಲಿ?”

ನಿಜವಾದ ಕಾರಣವನ್ನು ಹೇಳಿಬಿಡೋಣವೆಂದು ರಾಯರು ಒಮ್ಮೆ ಸೂಪರ್ ಮಾರ್ಕೆಟ್ ಎನ್ನುವ ಪೇಟೆಬೀದಿಯ ಗದ್ದಲದಲ್ಲಿ ಹೆಂಡತಿಯನ್ನು ನಿಲ್ಲಿಸಿದರು. ಮನೆಗಿಂತ ಅಲ್ಲೇ ಏಕಾಂತ ಹೆಚ್ಚು. “ಇಂದೂ, ನಾವಿಬ್ಬರಽ…” ಅನ್ನುವಷ್ಟರಲ್ಲಿ ಇಬ್ಬರ ನಡುವೆ ಒಂದು ಆಟೋ ನುಗ್ಗಿತು. ಆಟೋ ಹೋದ ಮೇಲೆ ಇಂದೂಬಾಯಿ, “ಏನಂದ್ರಿ?” ಎಂದರು. ಅಷ್ಟರಲ್ಲಿ ರಾಯರ ಧೈರ್ಯವೂ ಆಟೋ ಹಿಂದೆ ಹೋಗಿತ್ತು. “ಏನಿಲ್ಲ, ಸಬ್ಬಸಿಗಿ ತಗೋ,” ಎಂದರು.

ಕೊನೆಗೆ ಅವರ ತಲೆಯಲ್ಲಿ ಒಂದು ಮಹಾ ಉಪಾಯ ಹೊಳೆಯಿತು. ದೇವರ ಮನೆಯ ಮುಂದೆ ನಿಂತು (ಅಲ್ಲಿ ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ಹಿಂದೆ ತೆಗೆದುಕೊಳ್ಳುವಂತಿಲ್ಲ) ಘೋಷಿಸಿದರು: “ಮೊದಲ ಇಲ್ಲೇ ಸಮೀಪದ ಕಮಲಾಪುರಕ್ಕ ಅಂಥಾದ್ದಽ ಜೀಪಿನ್ಯಾಗ ಹೋಗಿ ಬರೂಣು. ಅಲ್ಲಿ ತ್ವಾಟದ ಹಾದಿ ಅದ, ಹಳ್ಳ ಅದ. ತಡಕೊಂಡವರು ಅಂಡಮಾನಿಗೆ. ತಡೀಲಾರದವರು ಮನ್ಯಾಗ. ಆಮ್ಯಾಲ ಯಾರೂ ಮಾರಿ ಸಣ್ಣದು ಮಾಡಬಾರದು.”

ತಾಯಿಯ ಸೊಂಟ ಮಳೆಗಾಲದಲ್ಲಿ ಹಿಡಿಯುತ್ತದೆ, ಬಂಡುವಿಗೆ ಬಸ್ಸಿನಲ್ಲೇ ತಲೆ ಸುತ್ತುತ್ತದೆ. ಇಬ್ಬರೂ ಫೇಲಾಗುವುದು ಖಚಿತ. ನೆಹರು ಗಂಜಿನಿಂದ ಹಳ್ಳಿಗಳಿಗೆ ಮಾಲು ಸಾಗಿಸುತ್ತಿದ್ದ ಚಾಂದಪಾಶಾನ ಹತ್ತಿರ ಮಿಲಿಟರಿಯ ಹಳೆಯ ಜೀಪಿತ್ತು. ರಾಯರು ಅವನನ್ನು ಬದಿಗೆ ಕರೆದು, ರಸ್ತೆ ಎಷ್ಟು ಕೆಟ್ಟದ್ದಿದ್ದರೆ ಅಷ್ಟು ಛಲೋ ಎಂದು ಕಿವಿಯಲ್ಲಿ ಹೇಳಿದರು.

“ಅದಕ್ಯಾಕ ಫಿಕರ್ ಸಾಬ್,” ಎಂದ ಚಾಂದಪಾಶಾ. “ಖರಾಬ್ ರಸ್ತಾಕ್ಕ ನಮ್ಮ ಕಡಿ ಏನ್ ಕಮ್ಮಿ ಅದ?”

ಹೊರಡುವ ದಿನ ಸಾವಿತ್ರೀಬಾಯಿ ಗಂಟನ್ನೂ ತಂದರು. “ಪರೀಕ್ಷಾ ಅಂದ ಮ್ಯಾಲ ಗಂಟಿಂದೂ ಆಗ್ಲಿ,” ಎಂದು ಅದನ್ನು ಜೀಪಿನ ಹಿಂಭಾಗದಲ್ಲಿ, ಎದುರುಬದುರು ಇದ್ದ ಎರಡು ಬೆಂಚುಗಳ ನಡುವೆ ಇಟ್ಟು ತಾವು ಮುಂದೆ ಕೂತರು. ಹಿಂದೆ ಒಂದು ಬೆಂಚಿನ ಮೇಲೆ ಅಕ್ಕ ತಮ್ಮ, ಇನ್ನೊಂದರ ಹಿಂದಿನ ತುದಿಯಲ್ಲಿ ರಾಯರು. ಮೂವರೂ ಗಂಟಿಗೆ ತಾಗದಂತೆ ಮೊಣಕಾಲು ಎತ್ತಿಕೊಂಡು ಕೂತಿದ್ದರು.

ದಾರಿಯುದ್ದಕ್ಕೂ ಸಾವಿತ್ರೀಬಾಯಿ ನಿಜಾಮನ ಕಾಲದಲ್ಲಿ ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ ಚಾಂದಪಾಶಾನ ಮನೆ, ಮಕ್ಕಳು, ಅವನ ಅತ್ತೆಯ ಮಂಡಿನೋವು ಎಲ್ಲವನ್ನೂ ವಿಚಾರಿಸಿದರು. ಸೊಂಟ ಅನ್ನುವ ಅಂಗವೇ ಅವರಿಗಿದ್ದಂತೆ ಕಾಣಲಿಲ್ಲ. ಬಂಡು ನಿದ್ದೆ ಹೋದ. ರಾಯರಿಗೆ ಸ್ವಲ್ಪ ಅಳುಕಾಯಿತು. ಕಮಲಾಪುರದಲ್ಲಿ ಇಳಿದು ಅಲ್ಲಿನ ಕೆಂಪು ಬಾಳೆಹಣ್ಣು ತಿಂದರು. ಧೈರ್ಯಕ್ಕೆ ಇರಲಿ ಎಂದು ಇನ್ನೂ ತಿಂದರು.

ಮುಂದೆ ತೋಟದ ಹಾದಿ. ಮಳೆ ಬಿದ್ದು ಎರೆಮಣ್ಣು ಹಿಟ್ಟಿನಂತೆ ಕಲಸಿಕೊಂಡಿತ್ತು. ಹಳ್ಳಕ್ಕಿಳಿದು ಆಚೆ ದಡ ಏರಬೇಕೆನ್ನುವಾಗ ಚಾಂದಪಾಶಾ ಇನ್ನೊಂದು ಗೇರು ಜಗ್ಗಿ, “ಈಗ ನಾಲ್ಕೂ ಗಾಲಿ ಚಾಲೂ,” ಎಂದ. ಜೀಪು ಮೂತಿಯೆತ್ತಿ ಆಕಾಶ ನೋಡಿತು. ಇಂದೂಬಾಯಿ ಕಂಬಿ ಹಿಡಿದು ಕಣ್ಣು ಮುಚ್ಚಿದರು. ಅದೇ ಹೊತ್ತಿಗೆ ಮಡಿಯ ಗಂಟು ನಿಧಾನವಾಗಿ, ತಪ್ಪದ ಕರ್ಮದಂತೆ, ರಾಯರ ಕಡೆಗೆ ಜಾರತೊಡಗಿತು.

ರಾಯರು ಕಾಲು ಎತ್ತಿದರು. ಗಂಟು ಇನ್ನೂ ಬಂತು. ಮೇಲಿನ ಕಂಬಿಗೆ ಜೋತುಬಿದ್ದು, ಬೆನ್ನು ಒಂದು ಕಡೆಗೆ, ಮೊಣಕಾಲು ಇನ್ನೊಂದು ಕಡೆಗೆ ತಿರುಚಿದರು. ಐವತ್ತರ ಗಡಿಯಲ್ಲಿರುವ ಗುಮಾಸ್ತನ ಶರೀರ ಅಂಥ ಯೋಗಾಸನವನ್ನು ಎಂದೂ ಕಂಡಿರಲಿಲ್ಲ. ಜೀಪು ದಡ ಹತ್ತಿ ಧಡ್ ಎಂದು ಕೂತಾಗ ಸೊಂಟದಲ್ಲಿ ಏನೋ ಕಟಕ್ ಎಂದಿತು. ಹಿಂದೆಯೇ ಬಾಳೆಹಣ್ಣುಗಳೂ ಸ್ವಸ್ಥಾನಕ್ಕೆ ಮರಳಲು ಹೊರಟವು. ರಾಯರು ಗಂಟಿನ ಕಡೆಗಲ್ಲದೆ ಹೊರಗೆ ತಲೆ ಹಾಕಿ ಅವನ್ನು ಬೀಳ್ಕೊಟ್ಟರು.

“ಮುಕುಂದಾ, ಗಂಟಿಗೆ ಕಾಲು ತಾಗಿಲ್ಲ ಹೌದಲ್ಲೋ?” ಮುಂದಿನಿಂದ ತಾಯಿ ಕೇಳಿದರು.

“ಇಲ್ಲವ್ವಾ.”

“ಶಾಣ್ಯಾ ಇದ್ದಿ. ಏನಪಾ ಚಾಂದಪಾಶಾ, ಭಾಳ ಛಲೋ ಏರಸ್ತಿ. ಇನ್ನೊಮ್ಮಿ ಇಳದು ಏರಸಪಾ, ನೋಡೂಣು.”

ಚಾಂದಪಾಶಾ ಇನ್ನೊಮ್ಮೆ ಇಳಿದು ಏರಿಸಿದ. ಆಮೇಲಿನದು ರಾಯರಿಗೆ ಸರಿಯಾಗಿ ನೆನಪಿಲ್ಲ. ಕಲಬುರಗಿಗೆ ಬೆಂಚಿನ ಮೇಲೆ ಅಡ್ಡ ಮಲಗಿಸಿ ತಂದರು. ಡಾಕ್ಟರು ಬೆನ್ನು ಒತ್ತಿ ನೋಡಿ, ನೆಲದ ಮೇಲೆ ಮಲಗಬೇಕು, ತಿಂಗಳೆರಡು ತಿಂಗಳು ಪ್ರಯಾಣದ ಹೆಸರು ಎತ್ತಬಾರದು ಎಂದು ತೀರ್ಪು ಕೊಟ್ಟರು. ಹಡಗು ಅಷ್ಟು ದಿನ ಕಾಯುವಂತಿರಲಿಲ್ಲ.

ಇಂದೂಬಾಯಿ ಚಾಪೆಯ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. “ನಾವೂ ಹೋಗೂದಿಲ್ಲ ಬಿಡ್ರಿ.”

ರಾಯರ ಎದೆ ತುಂಬಿ ಬಂತು. ಇದೇ ಮಾತನ್ನು ಇನ್ನೊಮ್ಮೆ ಕೇಳಬೇಕೆನ್ನುವ ಆಸೆಗೆ ಬಿದ್ದು, “ಛೇ, ನನ್ನ ಸಲುವಾಗಿ ನೀವ್ಯಾಕ ಬಿಡ್ತೀರಿ? ಹೋಗಿ ಬರ್ರಿ,” ಎಂದು ಉದಾರವಾಗಿ ಕೈ ಬೀಸಿದರು.

“ನೀವಽ ಹಂಗಂದ್ರ ಹೋಗಿ ಬರ್ತೇವ್ರಿ,” ಎಂದರು ಇಂದೂಬಾಯಿ.

“ದೇವರ ಮುಂದ ಆಡಿದ ಮಾತು ನಡಸೂದೂ ಆತು,” ಎಂದರು ಸಾವಿತ್ರೀಬಾಯಿ.

ಹೀಗೆ ಮೂವರೂ ಹೊರಟರು. ಪಕ್ಕದ ಮನೆಯ ಪಾರ್ವತೀಬಾಯಿ ಊಟ ಕಳಿಸುತ್ತಿದ್ದರು. ರಾಯರು ಚಾಪೆಯ ಮೇಲೆ ಬಿದ್ದುಕೊಂಡು, ತಮಗೆ ಸಿಗಬೇಕಾಗಿದ್ದ ಸಮುದ್ರದಲ್ಲಿ ಬಂಡು ಕಾಲು ತೊಳೆಯುವುದನ್ನು ಕಲ್ಪಿಸಿಕೊಂಡು ಹಲ್ಲು ಕಡಿಯುತ್ತಿದ್ದರು. ಕೊನೆಗೊಂದು ಸಂಜೆ, ದಿಂಬಿನ ಪಕ್ಕ ಎಳೆದಿಟ್ಟಿದ್ದ ಫೋನು ಗಣಗಣಿಸಿತು.

“ನಾನ್ರಿ, ಇಂದೂ. ಸೊಂಟ ಹೆಂಗದರಿ?”

“ಅದ. ಜೀಪು ಛಲೋದು ಸಿಕ್ತೇನು?”

“ಜೀಪ್ಯಾಕ್ರಿ? ರೂಮಿನ ಬಾಗಲಾ ತಗದ್ರ ಸಮುದ್ರಽ ಅದ. ಜೀಪು ತಗೊಂಡಿಲ್ಲ.”

ರಾಯರು ಕಣ್ಣು ಮುಚ್ಚಿದರು. “ಅವ್ವ ಎಲ್ಲಿದ್ದಾಳ?”

“ಮಲಗ್ಯಾರ್ರಿ. ಹಡಗಿನ್ಯಾಗ ಅವರಿಗೂ ಬಂಡೂಗೂ ತಲಿ ತಿರಗಿದ್ದು ಇನ್ನೂ ಇಳದಿಲ್ಲ. ಬಂದಾಗಿಂದ ಇಬ್ಬರೂ ರೂಮು ಬಿಟ್ಟು ಹೊರಗ ಬಂದಿಲ್ಲ.”

“ಮತ್ತ ನೀ?”

“ಸಂಜಿ ಆತಂದ್ರ ನಾ ಒಬ್ಬಾಕಿನಽ ದಂಡಿಗೆ ಹೋಗಿ ಕೂಡ್ತೀನ್ರಿ. ಯಾರೂ ಇರೂದಿಲ್ಲ, ಯಾರೂ ಕರ್ಯೂದಿಲ್ಲ. ಆಚಿ ದಂಡಿ ಖರೇನಽ ಕಾಣೂದಿಲ್ಲರಿ. ನೀವು ಬಂದಿದ್ರ ನಾವಿಬ್ಬರಽ ಕೂಡತಿದ್ವಿ ನೋಡ್ರಿ.”

ಫೋನು ಇಟ್ಟ ಮೇಲೆ ಮುಕುಂದರಾಯರಿಗೆ ದೊಡ್ಡದಾಗಿ ಅಳು ಬಂತು. ಆದರೆ ಮೊದಲನೆಯ ಬಿಕ್ಕಿಗೇ ಸೊಂಟ ಹಿಡಿಯಿತು. ಹಾಗಾಗಿ ಅದನ್ನೂ ಕೈಬಿಟ್ಟು, ಅಲುಗಾಡದೆ, ಫ್ಯಾನು ನೋಡುತ್ತ ಮಲಗಿದರು.