ಒಂದು ಎಲೆ ಜಾಸ್ತಿ

ಬೇರೆಯವರ ತಪ್ಪು ಹುಡುಕುವುದರಲ್ಲಿ ನನ್ನ ಕಣ್ಣು ಚುರುಕು ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದವಳಿಗೆ ಇದು ವೃತ್ತಿಯೋ ಚಟವೋ ಹೇಳುವುದು ಕಷ್ಟ. ನನ್ನ ಮೈದುನ ಯಲಹಂಕದಲ್ಲಿ ಒಂದು ಮಹಡಿ ಹಿಡಿದು ಕಾರ್ಡ್ ಆಟದ ಅಂಗಡಿ ತೆರೆದಾಗ, ಭಾನುವಾರದ ಪಂದ್ಯಗಳಿಗೆ ಜಡ್ಜ್ ಬೇಕೆಂದು ನೇರವಾಗಿ ನಮ್ಮ ಮನೆಗೇ ಬಂದ. "ನೀವೇ ಆಗ್ಬೇಕು ಅತ್ತಿಗೆ. ನಿಮ್ಮ ಮುಖ ನೋಡಿದ್ರೆ ಯಾರೂ ವಾದ ಮಾಡಲ್ಲ," ಎಂದ. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಇದು ಇಸ್ಪೀಟಲ್ಲ, ಜೂಜೂ ಅಲ್ಲ. ನಮ್ಮತ್ತೆ ಮಾತ್ರ ಇಂದಿಗೂ ನಂಬಿಲ್ಲ. ಪ್ರತಿಯೊಬ್ಬರೂ ರಾಕ್ಷಸರು, ಮಾಂತ್ರಿಕರ ಚಿತ್ರಗಳಿರುವ ತಮ್ಮದೇ ಎಲೆಗಳ ಕಟ್ಟು ತರುತ್ತಾರೆ. ಸರದಿ ಬಂದಾಗ ಒಂದು ಎಲೆ ಎಳೆದು ಆಡುತ್ತಾರೆ. ಆಟಗಾರರು ಎಡವಿದರೆ ಜಡ್ಜ್ ಬಂದು ಸರಿಪಡಿಸಬೇಕು. ಬೇಕೆಂದೇ ಮಾಡಿದ್ದರೆ ಮೋಸ, ಹೊರಗೆ ಕಳಿಸಬೇಕು. ಕೈತಪ್ಪಿ ಆದದ್ದಾದರೆ ಮೊದಲು ಆಟ ಉಳಿಸಬೇಕು, ಶಿಕ್ಷೆ ಆಮೇಲಿನ ಮಾತು. ನಿಯಮದ ಪುಸ್ತಕ ಇದನ್ನು ಮೊದಲ ಪುಟದಲ್ಲೇ ಹೇಳುತ್ತದೆ. ನಾನು ಆ ಪುಟ ಹಾರಿಸಿ ನೇರ ಶಿಕ್ಷೆಯ ಪಟ್ಟಿಗೆ ಹೋಗಿದ್ದೆ.

ಒಂದು ಭಾನುವಾರ ಫೈನಲ್. ಗೆದ್ದವರಿಗೆ ಹೈದರಾಬಾದಿನ ದೊಡ್ಡ ಪಂದ್ಯದಲ್ಲಿ ಜಾಗ. ಒಂದು ಕಡೆ ತಣಿಸಂದ್ರದ ಮುನಿರಾಜು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದವರು, ಮಗಳಿಂದ ಆಟ ಕಲಿತು ಮಗಳನ್ನೇ ಸೋಲಿಸುವಷ್ಟು ಬೆಳೆದವರು. ಎದುರಿಗೆ ಆರ್.ಟಿ. ನಗರದ ಕನ್ನಡಕದಂಗಡಿಯ ಇಮ್ರಾನ್. ಇಬ್ಬರೂ ಒಂದೊಂದು ಆಟ ಗೆದ್ದಿದ್ದರು. ಮೂರನೆಯದರಲ್ಲಿ ಮುನಿರಾಜು ಇನ್ನೇನು ಗೆಲ್ಲುವವರಿದ್ದರು. ಆಗ ಅವರೇ ಕೈಯೆತ್ತಿ ನನ್ನನ್ನು ಕರೆದರು.

"ಮೇಡಂ, ಒಂದ್ ಎಲೆ ಎಳೆಯೋ ಕಡೆ ಎಲ್ಡ್ ಬಂದ್ಬುಟ್ಟದೆ. ಕೈಯಾಗಿರೋ ಎಲೆಗಳ ಜೊತೆ ಸೇರೋಯ್ತು, ಯಾವ್ದು ಅಂತ ಗೊತ್ತಾಯ್ತಿಲ್ಲ."

"ನಾನು ನೋಡೇ ಇರ್ಲಿಲ್ಲ ಮೇಡಂ," ಎಂದ ಇಮ್ರಾನ್.

ಸುತ್ತ ಜನ ಸೇರಿದ್ದರು. ಪರೀಕ್ಷಾ ಕೊಠಡಿಯ ನನ್ನ ದನಿಯಲ್ಲಿ, "ಹೆಚ್ಚು ಎಲೆ ಎಳೆದಿದ್ದೀರಿ. ಈ ಆಟ ನಿಮಗೆ ಸೋಲು," ಎಂದೆ. ಮುನಿರಾಜು ಕೈಯಲ್ಲಿದ್ದ ಎಲೆಗಳನ್ನು ಮಗುಚಿಟ್ಟರು. "ರೂಲ್ಸು ಅಂದ್ಮೇಲೆ ರೂಲ್ಸು," ಎಂದು ಇಮ್ರಾನನ ಕೈ ಕುಲುಕಿ ಮೆಟ್ಟಿಲಿಳಿದರು.

ಟೀ ಕುಡಿಯುತ್ತಾ, ನನ್ನ ತೀರ್ಪಿನ ಸೊಗಸನ್ನು ಇನ್ನೊಮ್ಮೆ ಸವಿಯಲೆಂದು ಪುಸ್ತಕ ತೆರೆದೆ. ಇಂಥ ತಪ್ಪಿಗೆ ಅಲ್ಲಿದ್ದ ನಿಯಮವೇ ಬೇರೆ. ಎದುರಾಳಿ ತಪ್ಪಿದವರ ಕೈಯಲ್ಲಿರುವ ಎಲೆಗಳನ್ನು ನೋಡಿ ಒಂದನ್ನು ಆರಿಸಬೇಕು, ಅದನ್ನು ಕಟ್ಟಿಗೆ ಬೆರೆಸಬೇಕು, ಎಚ್ಚರಿಕೆ ಕೊಟ್ಟು ಆಟ ಮುಂದುವರಿಸಬೇಕು. ಅಷ್ಟೇ! ನಾನು ಕೊಟ್ಟ ಶಿಕ್ಷೆ ಕೆಳಗಿನ ಸಾಲಿನ ಬೇರೊಂದು ತಪ್ಪಿನದು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಮೈದುನ ಈ ಪುಸ್ತಕ ಓದಿಲ್ಲ, ಸೋತವರೇ ಒಪ್ಪಿಕೊಂಡಿದ್ದಾರೆ, ಇನ್ನು ನನಗೇನು ಎಂಬುದೇ ಮೊದಲು ಬಂದ ಯೋಚನೆ. ಟೀ ಆರುವವರೆಗೆ ಅದರ ಜೊತೆಗೇ ಕುಳಿತಿದ್ದೆ. ಆಮೇಲೆ ಎದ್ದು ಇಮ್ರಾನನಿಗೆ ವಿಷಯ ತಿಳಿಸಿ, ಕೆಳಗೋಡಿದೆ.

ಮುನಿರಾಜು ಬೀದಿಯಲ್ಲಿ ಯಾರೊಂದಿಗೋ ಮಾತು ಮುಗಿಸಿ ಆಗಷ್ಟೇ ಸ್ಕೂಟರ್ ತಿರುಗಿಸುತ್ತಿದ್ದರು. "ನಾನು ತಪ್ಪು ಹೇಳಿದೆ, ಕ್ಷಮಿಸಿ. ನೀವು ಸೋತಿರಲಿಲ್ಲ," ಎಂದೆ.

"ಬುಡಿ ಮೇಡಂ, ಆಗೋಯ್ತು."

ನನ್ನ ಹಿಂದೆಯೇ ಬಂದಿದ್ದ ಇಮ್ರಾನ್ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ. "ಬನ್ನಿ ಸಾರ್, ಆಡೋಣ. ಹಿಂಗೆ ಗೆದ್ರೆ ಮನೇಲಿ ಅಮ್ಮೀಗೆ ಏನಂತ ಹೇಳ್ಲಿ?"

ಎಲೆಗಳೆಲ್ಲ ಆಗಲೇ ಕಲೆತುಹೋಗಿದ್ದವು. ನಿಂತ ಆಟವನ್ನು ನಿಂತ ಜಾಗದಿಂದ ಎಬ್ಬಿಸುವಂತಿರಲಿಲ್ಲ. ಮೂರನೆಯ ಆಟವನ್ನು ಮೊದಲಿನಿಂದ ಆಡುವುದೊಂದೇ ದಾರಿ. ಹಾಗೆಂದರೆ ಮುನಿರಾಜು ಗಳಿಸಿದ್ದ ಮುನ್ನಡೆಯೆಲ್ಲ ಹೋದಂತೆ. ಅದನ್ನೂ ಅವರಿಗೆ ಹೇಳಿದೆ. ಅವರು ಸ್ಕೂಟರ್ ನಿಲ್ಲಿಸಿ ಮೆಟ್ಟಿಲು ಹತ್ತಿದರು. ಮುಕ್ಕಾಲು ಗಂಟೆ ಆಡಿದರು. ಸೋತರು.

ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎಲೆಗಳನ್ನು ಜೋಡಿಸುತ್ತಾ ಅವರೇ ಹೇಳಿದರು: "ಆವಾಗ ನೀವು ಸೋಲಿಸಿದ್ರಿ ಮೇಡಂ, ಈವಾಗ ಇವ್ನು ಸೋಲಿಸ್ದ. ಈ ಸೋಲಾದ್ರೆ ನಾನು ಮನೇಗ್ ತಕ್ಕೊಂಡ್ ಓಗ್ಬೋದು."

ಪಂದ್ಯದ ವರದಿಯಲ್ಲಿ ಆಟಗಾರರ ತಪ್ಪು ಬರೆಯಲು ಉದ್ದನೆಯ ಕಾಲಂ ಇದೆ. ಜಡ್ಜ್ ಮಾಡಿದ ತಪ್ಪಿಗೆ ಜಾಗವೇ ಇಲ್ಲ. ಕೊನೆಯ 'ಇತರೆ' ಎಂಬಲ್ಲಿ ನನ್ನ ತಪ್ಪನ್ನು ಹೆಸರು ಸಮೇತ ಎರಡು ಸಾಲಿನಲ್ಲಿ ಬರೆದು ಕೊಟ್ಟೆ. ಮೈದುನ ಹಾಳೆಯನ್ನು ಹತ್ತಿರ ಹಿಡಿದ, ದೂರ ಹಿಡಿದ. "ಇದೇನ್ ಅತ್ತಿಗೆ, ಇರುವೆ ಸಾಲು? ಕಾಣೋ ಹಾಗೆ ಬರೀರಿ," ಎಂದ. ಇನ್ನೊಮ್ಮೆ ಬರೆದೆ. ಅರ್ಧ ಪುಟ ಹಿಡಿಯಿತು. ಅಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಹೆಸರನ್ನು ನಾನು ಶಾಲೆಯವರು ಕೊಟ್ಟ ಸನ್ಮಾನಪತ್ರದಲ್ಲೂ ನೋಡಿರಲಿಲ್ಲ.